ಎಕ್ಸ್‌ಎಂಎಲ್ ಒಳಗೆ ಎಚ್‌ಟಿಎಂಎಲ್ ಕೊಂಡಿ: ನೇಮ್‌ಸ್ಪೇಸ್ ತಕರಾರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಾಮರಾಜಪೇಟೆಯ ಪುಟ್ಟ ಪ್ರಕಾಶನವೊಂದರ ಪುಸ್ತಕಪಟ್ಟಿ ಎಕ್ಸ್‌ಎಂಎಲ್ (ಮಾಹಿತಿಗೆ ನಮ್ಮದೇ ಟ್ಯಾಗುಗಳ ಗುರುತು ಹಾಕಿಡುವ ವಿಧಾನ) ಕಡತದಲ್ಲಿದೆ; ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಪ್ರತಿ ಪುಸ್ತಕದ ಪರಿಚಯದಲ್ಲೂ ಲೇಖಕರ ಪುಟಕ್ಕೋ ಮಾದರಿ ಅಧ್ಯಾಯಕ್ಕೋ ಒಂದು ಕೊಂಡಿ ಇರುತ್ತದೆ. ಹೊಸದಾಗಿ ಕೆಲಸಕ್ಕೆ ಕೈಹಚ್ಚಿದವರೆಲ್ಲ ಆ ಕೊಂಡಿಯ ಬಳಿಯೇ ಮುಗ್ಗರಿಸುತ್ತಾರೆ, ಆಮೇಲೆ ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು ಹಿಡಿದು ಬರುತ್ತಾರೆ. ಕೋಡನ್ನು ಬಾಯಲ್ಲಿ ಓದಿ ಹೇಳುವ ಹಾಗೆ ಕನ್ನಡ ಅಕ್ಷರಗಳಲ್ಲೇ ಬರೆದಿದ್ದೇನೆ. ನಿಮ್ಮ ಕಡತದಲ್ಲಿ ಪಟ್ಟಿ, ಪರಿಚಯದಂಥ ಸ್ವಂತ ಟ್ಯಾಗುಗಳನ್ನು ಬಿಟ್ಟು ಉಳಿದದ್ದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಎಚ್‌ಟಿಎಂಎಲ್ ಪುಟದಲ್ಲಿ ಸರಿಯಾಗಿದ್ದ ಕೊಂಡಿ ಎಕ್ಸ್‌ಎಂಎಲ್‌ಗೆ ಅಂಟಿಸಿದ ಕೂಡಲೇ ಬರಿಯ ಅಕ್ಷರವಾಗಿ ಕೂರುತ್ತದೆ. ಏಕೆ?

ಎಚ್‌ಟಿಎಂಎಲ್ ಪುಟದಲ್ಲಿ ಎ ಟ್ಯಾಗ್ ಎಂದರೆ ಕೊಂಡಿ ಎಂಬುದು ಬ್ರೌಸರಿಗೆ ಮೊದಲೇ ಗೊತ್ತು. ಎಕ್ಸ್‌ಎಂಎಲ್‌ನಲ್ಲಿ ಯಾವ ಟ್ಯಾಗಿಗೂ ಹುಟ್ಟಿನಿಂದ ಬಂದ ಅರ್ಥವಿಲ್ಲ. ಅಲ್ಲಿ ಎ ಎಂದರೆ ಅಕ್ಕಿ ಎಂದು ಒಬ್ಬರು, ಅಡ್ಡರಸ್ತೆ ಎಂದು ಇನ್ನೊಬ್ಬರು ಇಟ್ಟುಕೊಂಡರೂ ಕೇಳುವವರಿಲ್ಲ.

ಮೆಜೆಸ್ಟಿಕ್‌ನಲ್ಲಿ ಆಟೊ ಹತ್ತಿ "ನಾಲ್ಕನೇ ಬ್ಲಾಕ್" ಎಂದಷ್ಟೇ ಹೇಳಿ ನೋಡಿ. ಜಯನಗರದ್ದೋ, ರಾಜಾಜಿನಗರದ್ದೋ, ಕೋರಮಂಗಲದ್ದೋ ಎಂದು ಚಾಲಕರು ಕೇಳಿಯೇ ಕೇಳುತ್ತಾರೆ. ಬಡಾವಣೆಯ ಹೆಸರು ಸೇರಿದ ಮೇಲೆಯೇ ಅದು ವಿಳಾಸವಾಗುವುದು. ನೇಮ್‌ಸ್ಪೇಸ್ ಆ ಬಡಾವಣೆಯ ಹೆಸರಿದ್ದಂತೆ. ಆದರೆ ಬ್ರೌಸರ್ ಆಟೊ ಚಾಲಕರಂತೆ ಮರುಪ್ರಶ್ನೆ ಹಾಕುವುದಿಲ್ಲ. ಬಡಾವಣೆ ಹೇಳದ ಎ ಯಾವ ಬಡಾವಣೆಗೂ ಸೇರದ ಎ ಎಂದುಕೊಂಡು ಸುಮ್ಮನಾಗುತ್ತದೆ. ಆದ್ದರಿಂದ ಹೇಳಬೇಕು, ಹೀಗೆ (ಮೊದಲ ಸಾಲಿನ ಎಕ್ಸ್‌ಎಂಎಲ್‌ಎನ್‌ಎಸ್ ಭಾಗ ನೇಮ್‌ಸ್ಪೇಸಿನ ಘೋಷಣೆ; ಟ್ಯಾಗಿನಲ್ಲಿ ಕೋಲನ್‌ಗೆ ಮುಂಚೆ ಬರುವ ಎಚ್ ಅದರ ಪ್ರಿಫಿಕ್ಸ್, ಅಂದರೆ ಚುಟುಕು ಹೆಸರು):

<ಪಟ್ಟಿ ಎಕ್ಸ್‌ಎಂಎಲ್‌ಎನ್‌ಎಸ್:ಎಚ್="ಎಚ್‌ಟಿಟಿಪಿ://ಡಬ್ಲ್ಯೂಡಬ್ಲ್ಯೂಡಬ್ಲ್ಯೂ.ಡಬ್ಲ್ಯೂ3.ಒಆರ್‌ಜಿ/1999/ಎಕ್ಸ್‌ಎಚ್‌ಟಿಎಂಎಲ್">
<ಪರಿಚಯ>ಮೊದಲ ಅಧ್ಯಾಯ <ಎಚ್:ಎ ಎಚ್‌ಆರ್‌ಇಎಫ್="ಮಾದರಿ.ಎಚ್‌ಟಿಎಂಎಲ್">ಇಲ್ಲಿದೆ</ಎಚ್:ಎ>.</ಪರಿಚಯ>
</ಪಟ್ಟಿ>

ಕಡತವನ್ನು ಈಗ ಬ್ರೌಸರಿನಲ್ಲಿ ತೆರೆದರೆ, ಇಷ್ಟು ಹೊತ್ತು ಕಾಣುತ್ತಿದ್ದ ಟ್ಯಾಗುಗಳ ಮರ ಮಾಯವಾಗಿ ಪಠ್ಯವೆಲ್ಲ ಒಂದಕ್ಕೊಂದು ಅಂಟಿಕೊಂಡು ನಡುವೆ ನೀಲಿ ಕೊಂಡಿ ಕಾಣುತ್ತದೆ. ಏನೋ ಕೆಟ್ಟಿತೆಂದು ಬೆಚ್ಚಬೇಡಿ, ಅದು ಸರಿಯಾದದ್ದರ ಗುರುತು. ನಿಮ್ಮ ಸ್ವಂತ ಟ್ಯಾಗುಗಳು ಹೇಗೆ ಕಾಣಬೇಕೆಂದು ಹೇಳಲು ಸಿಎಸ್‌ಎಸ್ ಬರೆಯಬೇಕು, ಅಷ್ಟೇ. ಇನ್ನೊಂದು ಮಾತು: ಟ್ಯಾಗಿನ ಎ ಚಿಕ್ಕಕ್ಷರವೇ ಆಗಿರಬೇಕು. ಎಕ್ಸ್‌ಎಂಎಲ್‌ಗೆ ದೊಡ್ಡಕ್ಷರದ ಎ ಬೇರೆಯೇ ಟ್ಯಾಗ್.

"ಪ್ರಿಫಿಕ್ಸ್ ನಾಟ್ ಬೌಂಡ್" ಎಂಬ ದೋಷ ಬರುತ್ತಿದೆ. ಯಾವುದನ್ನು ಯಾವುದಕ್ಕೆ ಕಟ್ಟಬೇಕು?

ಒಂದೇ ತಪ್ಪಿಗೆ ಒಂದೊಂದು ಕಡೆ ಒಂದೊಂದು ಮಾತು. ಫೈರ್‌ಫಾಕ್ಸ್ ಹಳದಿ ಪರದೆಯ ಮೇಲೆ ಪ್ರಿಫಿಕ್ಸ್ ನೇಮ್‌ಸ್ಪೇಸ್‌ಗೆ ಕಟ್ಟಿಲ್ಲ ಎನ್ನುತ್ತದೆ. ಪೈಥಾನ್ "ಅನ್‌ಬೌಂಡ್ ಪ್ರಿಫಿಕ್ಸ್" ಎಂದು ಚುಟುಕಾಗಿ ಮುಗಿಸುತ್ತದೆ. ಡಾಟ್‌ನೆಟ್ "ಅನ್‌ಡಿಕ್ಲೇರ್ಡ್ ಪ್ರಿಫಿಕ್ಸ್" ಎನ್ನುತ್ತದೆ. ಎಲ್ಲದರ ಅರ್ಥ ಒಂದೇ: ಎಚ್ ಎಂದು ಬರೆದಿದ್ದೀರಿ, ಎಚ್ ಎಂದರೆ ಏನೆಂದು ಎಲ್ಲೂ ಹೇಳಿಲ್ಲ.

ನಮ್ಮ ಹೆಸರಿನ ಮುಂದಿನ ಇನಿಷಿಯಲ್ ನೆನಪಿಸಿಕೊಳ್ಳಿ. ಮನೆಯಲ್ಲಿ, ಶಾಲೆಯಲ್ಲಿ ಎಚ್. ಎಂದರೆ ಸಾಕು. ಪಾಸ್‌ಪೋರ್ಟ್ ಅರ್ಜಿಯ ಎದುರು ಕುಳಿತಾಗ ಮಾತ್ರ ಅದು ಹಾಸನವೋ ಹೊಸಕೋಟೆಯೋ ಬಿಡಿಸಿ ಬರೆಯಬೇಕಾಗುತ್ತದೆ. ಪ್ರಿಫಿಕ್ಸ್ ಬರಿಯ ಇನಿಷಿಯಲ್, ಅದರ ವಿಸ್ತಾರ ಆ ಉದ್ದನೆಯ ವಿಳಾಸ. ಪಾರ್ಸರ್ (ಕಡತವನ್ನು ಓದಿ ಬಿಡಿಸುವ ತಂತ್ರಾಂಶ) ಹೋಲಿಸಿ ನೋಡುವುದು ವಿಸ್ತಾರವನ್ನೇ, ಇನಿಷಿಯಲನ್ನಲ್ಲ. ಹಾಗಾಗಿ ಎಚ್ ಬದಲು ಎಕ್ಸ್, ಎಚ್‌ಟಿಎಂಎಲ್, ಏನು ಬೇಕಾದರೂ ಇಡಿ. ಘೋಷಣೆಯಲ್ಲೂ ಟ್ಯಾಗಿನಲ್ಲೂ ಒಂದೇ ಆಗಿದ್ದರೆ ಆಯಿತು.

ಕೆಲವು ಪಾರ್ಸರುಗಳು ಈ ತಪ್ಪನ್ನು ನುಂಗಿಕೊಳ್ಳುವುದೇಕೆ ಎಂಬುದಕ್ಕೆ ಸಣ್ಣ ಇತಿಹಾಸವಿದೆ. ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ಎಕ್ಸ್‌ಎಂಎಲ್ 1.0 ಶಿಫಾರಸು (ಅಂದರೆ ಮಾನದಂಡ) ಬಂದದ್ದು 1998ರ ಫೆಬ್ರುವರಿಯಲ್ಲಿ, ನೇಮ್‌ಸ್ಪೇಸ್‌ಗಳ ಶಿಫಾರಸು ಬಂದದ್ದು 1999ರ ಜನವರಿಯಲ್ಲಿ. ನಡುವಿನ ಹನ್ನೊಂದು ತಿಂಗಳು ಕೋಲನ್ ಎಂಬುದು ಹೆಸರಿನೊಳಗಿನ ಇನ್ನೊಂದು ಅಕ್ಷರ ಮಾತ್ರ. ಮೂಲ ನಿಯಮದ ಕಣ್ಣಿಗೆ ಎಚ್:ಎ ಇಂದಿಗೂ ತಪ್ಪಲ್ಲ. ಅದಕ್ಕೇ ಪಿಎಚ್‌ಪಿ ಭಾಷೆಯಲ್ಲಿ ಎಕ್ಸ್‌ಎಂಎಲ್ ಓದುವ ಡಾಮ್ ಎಂಬ ಸಲಕರಣೆ ಒಂದು ಎಚ್ಚರಿಕೆ ಗೊಣಗಿ ಕಡತವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಎಚ್ಚರಿಕೆಗಳನ್ನು ಮುಚ್ಚಿಟ್ಟ ಸರ್ವರ್‌ನಲ್ಲಿ ಇದು ತಿಂಗಳುಗಟ್ಟಲೆ ಗೊತ್ತಾಗದೇ ಇರಬಹುದು.

ಘೋಷಣೆ ಎಲ್ಲಿರಬೇಕು? ಪ್ರತಿ ಕೊಂಡಿಗೂ ಬರೆಯಬೇಕೇ?

ಬೇಡ. ಆ ಕೊಂಡಿಯ ಮೇಲೋ ಅದನ್ನು ಸುತ್ತುವರಿದ ಯಾವುದಾದರೂ ಹೊರಗಿನ ಟ್ಯಾಗಿನ ಮೇಲೋ ಒಮ್ಮೆ ಇದ್ದರೆ ಒಳಗಿನ ಎಲ್ಲಕ್ಕೂ ಅನ್ವಯಿಸುತ್ತದೆ. ಅತ್ಯಂತ ಹೊರಗಿನ ಟ್ಯಾಗಿನ ಮೇಲಿಡುವುದು ವಾಡಿಕೆ.

ಆದರೆ ಕಡತವನ್ನು ತುಂಡುಗಳಿಂದ ಜೋಡಿಸುವ ಕಡೆ ಈ ವಾಡಿಕೆಯೇ ಕಾಲು ಹಿಡಿದು ಎಳೆಯುತ್ತದೆ. ಪೂರ್ತಿ ಕಡತದಿಂದ ಒಂದು ಪರಿಚಯವನ್ನಷ್ಟೇ ನಕಲು ಮಾಡಿ ಇನ್ನೊಂದಕ್ಕೆ ಅಂಟಿಸಿದರೆ ಎಚ್:ಎ ಜೊತೆಯಲ್ಲಿ ಬರುತ್ತದೆ, ಅದರ ಘೋಷಣೆ ಹಿಂದೆಯೇ ಉಳಿಯುತ್ತದೆ. ಡೇಟಾಬೇಸಿನಲ್ಲಿ ತುಂಡು ತುಂಡಾಗಿ ಎಕ್ಸ್‌ಎಂಎಲ್ ಇಡುವವರಿಗೆ ನನ್ನ ಸಲಹೆ: ತುಂಡಿನ ಮೇಲೆಯೇ ಘೋಷಣೆ ಇರಲಿ. ನಾಲ್ಕು ಸಲ ಪುನರಾವರ್ತನೆಯಾದರೆ ಯಾರ ಗಂಟೂ ಹೋಗುವುದಿಲ್ಲ.

ಆ ಡಬ್ಲ್ಯೂ3 ವಿಳಾಸ ತೆರೆಯದ ದಿನ ನನ್ನ ಕಡತವೂ ಕೆಲಸ ನಿಲ್ಲಿಸುತ್ತದೆಯೇ? ಅದನ್ನು ಎಚ್‌ಟಿಟಿಪಿಎಸ್ ಮಾಡಬಾರದೇ?

ನಿಲ್ಲಿಸುವುದಿಲ್ಲ, ಮಾಡಬಾರದು. ಎರಡಕ್ಕೂ ಕಾರಣ ಒಂದೇ. ಅದು ವಿಳಾಸದ ವೇಷ ಹಾಕಿದ ಹೆಸರು. ಪಾರ್ಸರ್ ಅಲ್ಲಿಗೆ ಹೋಗುವುದೇ ಇಲ್ಲ. ಒಂದೊಂದು ಅಕ್ಷರವನ್ನೂ ಹೋಲಿಸಿ ಒಂದೇ ಹೌದೋ ಅಲ್ಲವೋ ಎಂದು ನೋಡುತ್ತದೆ, ಅಷ್ಟೇ. ಕೊನೆಗೊಂದು ಓರೆಗೆರೆ ಹೆಚ್ಚಾದರೂ ಅದು ಬೇರೆ ನೇಮ್‌ಸ್ಪೇಸ್.

ಇದನ್ನು ನಾನು ಕಲಿತದ್ದು ಸುಖವಾಗಿ ಅಲ್ಲ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಜಾಲತಾಣವನ್ನು ಎಚ್‌ಟಿಟಿಪಿಎಸ್‌ಗೆ ಸಾಗಿಸುವ ಹೊಣೆ ನನ್ನ ಮೇಲೆ ಬಿತ್ತು. ಒಂದು ಶುಕ್ರವಾರ ಸಂಜೆ, ಮಳೆ ಶುರುವಾಗುವ ಮುಂಚೆ ಸಿಲ್ಕ್ ಬೋರ್ಡ್ ದಾಟಿಬಿಡಬೇಕೆಂಬ ಆತುರದಲ್ಲಿ, ಕೋಡಿನುದ್ದಕ್ಕೂ ಎಚ್‌ಟಿಟಿಪಿ ಇದ್ದಲ್ಲೆಲ್ಲ ಒಂದು ಎಸ್ ಸೇರಿಸುವ ಹುಡುಕು-ಬದಲಿಸು ಆಜ್ಞೆ ಕೊಟ್ಟು ಎದ್ದುಬಿಟ್ಟೆ. ಬದಲಾದವುಗಳಲ್ಲಿ ನೇಮ್‌ಸ್ಪೇಸ್‌ಗಳೂ ಇದ್ದವು. ಎಲ್ಲಿಯೂ ಒಂದು ದೋಷಸಂದೇಶವಿಲ್ಲ, ಏಕೆಂದರೆ ಪ್ರಿಫಿಕ್ಸ್‌ಗೆ ಘೋಷಣೆ ಇತ್ತು, ಅದು ಕಟ್ಟಿಕೊಂಡದ್ದು ಮಾತ್ರ ಯಾರೂ ಕೇಳಿರದ ಹೆಸರಿಗೆ. ಕೊಂಡಿಗಳೆಲ್ಲ ಸದ್ದಿಲ್ಲದೆ ಪಠ್ಯವಾಗಿ ಮಲಗಿದವು. ಸೋಮವಾರ ಮಧ್ಯಾಹ್ನದವರೆಗೆ ಸಿಎಸ್‌ಎಸ್ ಅನ್ನು ಬೈದುಕೊಂಡು ಕಳೆದೆವು. ಕಟ್ಟದ ಪ್ರಿಫಿಕ್ಸ್ ಕೂಗಿ ಹೇಳುತ್ತದೆ. ತಪ್ಪಾಗಿ ಕಟ್ಟಿದ್ದು ಬಾಯಿಯೇ ಬಿಡುವುದಿಲ್ಲ. ಕೊಂಡಿ ಸತ್ತಿದೆ, ದೋಷಸಂದೇಶ ಇಲ್ಲ ಎಂದಾದರೆ ನಾನೀಗ ಮೊದಲು ನೋಡುವುದು ಆ ವಿಳಾಸದ ಅಕ್ಷರಗಳನ್ನೇ.

ಒಂದು ಗೊಂದಲ ಬೇಡ: ನೇಮ್‌ಸ್ಪೇಸ್ ವಿಳಾಸವನ್ನು ತೆರೆಯದ ಪಾರ್ಸರುಗಳಲ್ಲಿ ಕೆಲವು, ಕಡತದ ತಲೆಯಲ್ಲಿರುವ ಡಾಕ್‌ಟೈಪ್ ಸಾಲಿನ ಡಿಟಿಡಿ (ಯಾವ ಟ್ಯಾಗುಗಳಿರಬಹುದೆಂಬ ನಿಯಮಗಳ ಕಡತ) ವಿಳಾಸವನ್ನು ನಿಜವಾಗಿಯೂ ತೆರೆಯುತ್ತವೆ. ಇದರಿಂದ ಡಬ್ಲ್ಯೂ3ಸಿಯ ಸರ್ವರ್‌ಗಳಿಗೆ ದಿನಕ್ಕೆ 13 ಕೋಟಿವರೆಗೆ ಕೋರಿಕೆಗಳು ಬರುತ್ತಿವೆ ಎಂದು ಆ ಸಂಸ್ಥೆ 2008ರಲ್ಲಿ ಗೋಳು ತೋಡಿಕೊಂಡಿತ್ತು. ಕೊಂಡಿಗಾಗಿ ಡಾಕ್‌ಟೈಪ್ ಬೇಕಿಲ್ಲ, ತೆಗೆದುಬಿಡಿ.

ಪ್ರಿಫಿಕ್ಸ್ ಇಲ್ಲದೆ ಬರೆಯಬಹುದೇ?

ಬರೆಯಬಹುದು. ಎ ಟ್ಯಾಗಿನ ಮೇಲೆಯೇ ಕೋಲನ್ ಇಲ್ಲದ ಎಕ್ಸ್‌ಎಂಎಲ್‌ಎನ್‌ಎಸ್ ಹಾಕಿದರೆ ಆ ಟ್ಯಾಗಿಗೂ ಅದರ ಒಳಗಿನವಕ್ಕೂ ಅದೇ ಪೂರ್ವನಿಯೋಜಿತ ನೇಮ್‌ಸ್ಪೇಸ್ ಆಗುತ್ತದೆ. ಕೊಂಡಿಗಳು ಒಂದೆರಡಿದ್ದರೆ ಇದು ಚೆನ್ನ. ಅದನ್ನೇ ಅತ್ಯಂತ ಹೊರಗಿನ ಟ್ಯಾಗಿನ ಮೇಲೆ ಹಾಕಿದರೆ ನಿಮ್ಮ ಪಟ್ಟಿ, ಪರಿಚಯ ಎಲ್ಲವೂ ಎಚ್‌ಟಿಎಂಎಲ್ ಬಡಾವಣೆಗೆ ಮನೆ ಬದಲಿಸುತ್ತವೆ. ಬೇಕೆಂದೇ ಹಾಗೆ ಮಾಡುವವರನ್ನು ನಾನು ಕಂಡಿಲ್ಲ.

ಎಚ್‌ಆರ್‌ಇಎಫ್‌ಗೂ ಎಚ್ ಪ್ರಿಫಿಕ್ಸ್ ಹಾಕಬೇಕಲ್ಲವೇ?

ಹಾಕಬಾರದು. ಇದು ಮೊದಲ ನೋಟಕ್ಕೆ ಅನ್ಯಾಯವೆನಿಸುತ್ತದೆ, ಆದರೆ ನಿಯಮ ಹಾಗೆಯೇ ಇದೆ: ಪ್ರಿಫಿಕ್ಸ್ ಇಲ್ಲದ ಅಟ್ರಿಬ್ಯೂಟ್ (ಕೊಂಡಿಯ ವಿಳಾಸ ಹೇಳುವ ಎಚ್‌ಆರ್‌ಇಎಫ್‌ನಂತೆ ಟ್ಯಾಗಿನೊಳಗೆ ಬರೆಯುವ ವಿವರ) ಯಾವ ನೇಮ್‌ಸ್ಪೇಸಿಗೂ ಸೇರುವುದಿಲ್ಲ, ತಾನಿರುವ ಟ್ಯಾಗಿನ ಮನೆಯವನಾಗಿ ಇರುತ್ತದೆ. ಪೂರ್ವನಿಯೋಜಿತ ನೇಮ್‌ಸ್ಪೇಸ್ ಕೂಡ ಅಟ್ರಿಬ್ಯೂಟುಗಳನ್ನು ಮುಟ್ಟುವುದಿಲ್ಲ. ಎಚ್‌ಟಿಎಂಎಲ್ ಕೊಂಡಿಗೆ ಬೇಕಾಗಿರುವುದು ಹೀಗೆ ಬರಿಮೈಯ ಎಚ್‌ಆರ್‌ಇಎಫ್. ಎಚ್:ಎಚ್‌ಆರ್‌ಇಎಫ್ ಎಂದು ಬರೆದರೆ ಬ್ರೌಸರ್ ಅದನ್ನು ಗುರುತಿಸುವುದಿಲ್ಲ, ದೋಷವೂ ಬರುವುದಿಲ್ಲ.

ಸಿಡೇಟಾ ಹಾಕಿದರೆ ಎಲ್ಲ ದೋಷವೂ ಹೋಗುತ್ತದೆ ಎಂದು ಸಹೋದ್ಯೋಗಿ ಹೇಳುತ್ತಾರೆ. ನಿಜವೇ?

ದೋಷ ಹೋಗುತ್ತದೆ, ಕೊಂಡಿಯೂ ಹೋಗುತ್ತದೆ. ಸಿಡೇಟಾ ಎಂದರೆ "ಒಳಗಿರುವುದೆಲ್ಲ ಬರಿಯ ಅಕ್ಷರ, ಟ್ಯಾಗ್ ಹುಡುಕಬೇಡ" ಎಂದು ಪಾರ್ಸರಿಗೆ ಹೇಳಿದಂತೆ. ಅದು ವಿಧೇಯವಾಗಿ ಹುಡುಕುವುದಿಲ್ಲ. ಹಲ್ಲುನೋವಿಗೆ ಬಾಯಿಗೆ ಬಟ್ಟೆ ಕಟ್ಟಿದ ಚಿಕಿತ್ಸೆ ಇದು.

ಕಡತವನ್ನು ಓದುವ ಮುಂದಿನ ತಂತ್ರಾಂಶ ಆ ಅಕ್ಷರಗಳನ್ನು ತೆಗೆದುಕೊಂಡು ತಾನೇ ಎಚ್‌ಟಿಎಂಎಲ್ ಎಂದು ಮತ್ತೊಮ್ಮೆ ಓದುವುದು ಖಚಿತವಾಗಿದ್ದರೆ ಮಾತ್ರ ಸಿಡೇಟಾ ಸರಿ. ಆರ್‌ಎಸ್‌ಎಸ್ ಫೀಡಿನಲ್ಲಿ (ತಾಣದ ಹೊಸ ಬರಹಗಳ ಪಟ್ಟಿಯಿರುವ ಕಡತ) ಅದೇ ರೂಢಿ. ಉಳಿದ ಕಡೆ ಅದರಿಂದ ಎಚ್‌ಟಿಎಂಎಲ್ ತಪ್ಪುಗಳು ಒಳಗೇ ಅವಿತು ಕೂರುತ್ತವೆ. ಮುಚ್ಚದ ಟ್ಯಾಗೊಂದು ಪುಟದ ಕೊನೆಯವರೆಗೂ ಎಲ್ಲವನ್ನೂ ಕೊಂಡಿ ಮಾಡಿದ ಮೇಲೆಯೇ ಬೆಳಕಿಗೆ ಬರುತ್ತದೆ.

ಘೋಷಣೆ ಸರಿಯಿದೆ, ಆದರೂ ಕೊಂಡಿಯ ಸಾಲಿನಲ್ಲೇ ದೋಷ ತೋರಿಸುತ್ತಿದೆ.

ಹಾಗಾದರೆ ಬಹುಶಃ ಅದು ನೇಮ್‌ಸ್ಪೇಸ್ ತಕರಾರಲ್ಲ. ವಿಳಾಸದ ನಡುವೆ ಆಂಪರ್‌ಸ್ಯಾಂಡ್ ಚಿಹ್ನೆ ಇದೆಯೇ ನೋಡಿ. ಹುಡುಕಾಟದ ಪುಟಗಳ, ನಕ್ಷೆಗಳ ವಿಳಾಸದಲ್ಲಿ ಅದು ಹಲವು ಸಲ ಇರುತ್ತದೆ. ಎಕ್ಸ್‌ಎಂಎಲ್‌ನಲ್ಲಿ ಅದನ್ನು ಆಂಪರ್‌ಸ್ಯಾಂಡ್, ಎ, ಎಂ, ಪಿ, ಅರ್ಧವಿರಾಮ ಎಂದು ಬಿಡಿಸಿ ಬರೆಯಬೇಕು. ಎಚ್‌ಟಿಎಂಎಲ್‌ನಿಂದ ಬಂದ ಎನ್‌ಬಿಎಸ್‌ಪಿ (ಸಾಲು ಮುರಿಯದ ಖಾಲಿ ಜಾಗದ ಸಂಕೇತ) ಕೂಡ ಇಲ್ಲಿ ಅಪರಿಚಿತ, ಏಕೆಂದರೆ ಎಕ್ಸ್‌ಎಂಎಲ್‌ಗೆ ಹುಟ್ಟಿನಿಂದ ಗೊತ್ತಿರುವುದು ಐದೇ ಎಂಟಿಟಿಗಳು, ಅಂದರೆ ಇಂಥ ಹೆಸರುಳ್ಳ ಸಂಕೇತಗಳು. ಅದರ ಬದಲು ಆಂಪರ್‌ಸ್ಯಾಂಡ್, ಹ್ಯಾಶ್, 160, ಅರ್ಧವಿರಾಮ ಎಂಬ ಸಂಖ್ಯಾರೂಪ ಬಳಸಿ. ವರ್ಡ್ ಕಡತದಿಂದ ನಕಲು ಮಾಡಿದ್ದರೆ ಉದ್ಧರಣ ಚಿಹ್ನೆಗಳು ಬಾಗಿವೆಯೇ ಎಂದೂ ನೋಡಿ.

ಬ್ರೌಸರಿನಲ್ಲಿ ಕೊಂಡಿ ಕಾಣುತ್ತದೆ. ಎಕ್ಸ್‌ಪಾತ್ ಮಾತ್ರ ಒಂದೂ ಕೊಂಡಿ ಇಲ್ಲ ಎನ್ನುತ್ತದೆ.

ಎಕ್ಸ್‌ಪಾತ್ ಎಂದರೆ ಕಡತದೊಳಗೆ ಟ್ಯಾಗುಗಳನ್ನು ಹುಡುಕುವ ಭಾಷೆ. ಅದರ 1.0 ಆವೃತ್ತಿಯಲ್ಲಿ ಪ್ರಿಫಿಕ್ಸ್ ಇಲ್ಲದ ಎ ಎಂದರೆ ಯಾವ ನೇಮ್‌ಸ್ಪೇಸಿಗೂ ಸೇರದ ಎ. ನಿಮ್ಮ ಕಡತದಲ್ಲಿ ಅಂಥದ್ದು ಒಂದೂ ಇಲ್ಲ, ಆದ್ದರಿಂದ ಅದು ಸುಳ್ಳು ಹೇಳುತ್ತಿಲ್ಲ. ಕಡತದಲ್ಲಿ ಪ್ರಿಫಿಕ್ಸ್ ಇಲ್ಲದೆ ಬರೆದಿದ್ದರೂ ಹುಡುಕುವಾಗ ಒಂದು ಪ್ರಿಫಿಕ್ಸ್ ನೋಂದಾಯಿಸಿ ಅದರ ಮೂಲಕವೇ ಕೇಳಬೇಕು. ಪೈಥಾನಿನ ಎಲಿಮೆಂಟ್‌ಟ್ರೀಯಲ್ಲಿ ಹುಡುಕುವ ಕರೆಗೆ ಪ್ರಿಫಿಕ್ಸ್ ಮತ್ತು ವಿಳಾಸದ ಜೋಡಿಯನ್ನು ಕೊಡಬಹುದು, ಇಲ್ಲವೇ ವಿಳಾಸವನ್ನು ಪುಷ್ಪಾವರಣದೊಳಗೆ ಬರೆದು ಅದರ ಪಕ್ಕದಲ್ಲೇ ಎ ಬರೆಯಬಹುದು. ಜಾವಾದವರಿಗೆ ಬೇರೆ ಗುಂಡಿ ಕಾದಿದೆ: ಡಾಕ್ಯುಮೆಂಟ್‌ಬಿಲ್ಡರ್‌ಫ್ಯಾಕ್ಟರಿಯಲ್ಲಿ ನೇಮ್‌ಸ್ಪೇಸ್ ಅರಿವು ಮೊದಲಿಗೆ ಆರಿರುತ್ತದೆ. ಸೆಟ್‌ನೇಮ್‌ಸ್ಪೇಸ್‌ಅವೇರ್ ಎಂಬುದನ್ನು ಟ್ರೂ ಮಾಡದೆ ಏನು ಬರೆದರೂ ವ್ಯರ್ಥ.

ಪ್ರೋಗ್ರಾಮ್ ಬರೆದ ಕಡತದಲ್ಲಿ ಖಾಲಿ ಎಕ್ಸ್‌ಎಂಎಲ್‌ಎನ್‌ಎಸ್, ಎನ್‌ಎಸ್0 ಎಂಬುವು ಎಲ್ಲಿಂದಲೋ ಬಂದು ಕುಳಿತಿವೆ.

ಎನ್‌ಎಸ್0 ನಿರುಪದ್ರವಿ. ಎಲಿಮೆಂಟ್‌ಟ್ರೀ ಕಡತ ಓದುವಾಗ ನಿಮ್ಮ ಇನಿಷಿಯಲನ್ನು ಮರೆತು ವಿಸ್ತಾರವನ್ನಷ್ಟೇ ನೆನಪಿಟ್ಟುಕೊಳ್ಳುತ್ತದೆ, ಬರೆಯುವಾಗ ತನಗೆ ತೋಚಿದ್ದನ್ನು ಇಡುತ್ತದೆ. ಕಣ್ಣಿಗೆ ಚುಚ್ಚಿದರೆ ರಿಜಿಸ್ಟರ್ ನೇಮ್‌ಸ್ಪೇಸ್ ಕರೆಯಿಂದ ನಿಮ್ಮ ಇನಿಷಿಯಲನ್ನು ಮರಳಿ ಪಡೆಯಬಹುದು.

ಖಾಲಿ ಎಕ್ಸ್‌ಎಂಎಲ್‌ಎನ್‌ಎಸ್ ಹಾಗಲ್ಲ, ಅದು ರೋಗದ ಲಕ್ಷಣ. ಎಚ್‌ಟಿಎಂಎಲ್ ನೇಮ್‌ಸ್ಪೇಸಿನ ಪ್ಯಾರಾದೊಳಗೆ ಯಾವ ನೇಮ್‌ಸ್ಪೇಸೂ ಇಲ್ಲದ ಎ ಸೇರಿಸಿದ್ದೀರಿ. ಕಡತ ಬರೆಯುವ ತಂತ್ರಾಂಶ ಪ್ರಾಮಾಣಿಕವಾಗಿ ಅದನ್ನು ನಮೂದಿಸಿದೆ. ಅದನ್ನು ಅಳಿಸಲು ಹುಡುಕು-ಬದಲಿಸು ಬರೆಯಬೇಡಿ. ಕೊಂಡಿಯನ್ನು ಸೃಷ್ಟಿಸಿದ ಸಾಲಿಗೆ ಹೋಗಿ ಕ್ರಿಯೇಟ್‌ಎಲಿಮೆಂಟ್ ಬದಲು ಕ್ರಿಯೇಟ್‌ಎಲಿಮೆಂಟ್‌ಎನ್‌ಎಸ್ ಬಳಸಿ, ವಿಳಾಸ ಕೊಡಿ. ಎಕ್ಸ್‌ಎಸ್‌ಎಲ್‌ಟಿಯಲ್ಲಿ (ಎಕ್ಸ್‌ಎಂಎಲ್ ಅನ್ನು ಬೇರೆ ರೂಪಕ್ಕೆ ಮಾರ್ಪಡಿಸುವ ಭಾಷೆ) ಕೆಲಸ ಮಾಡುವವರಾದರೆ ಎ ಬರೆದ ಟೆಂಪ್ಲೇಟ್ ಇರುವ ಕಡತದಲ್ಲಿ ಆ ಪೂರ್ವನಿಯೋಜಿತ ಘೋಷಣೆ ಇದೆಯೇ ನೋಡಿ. ಟೆಂಪ್ಲೇಟುಗಳನ್ನು ಎರಡು ಕಡತಗಳಾಗಿ ಒಡೆದಾಗ ಒಂದರಲ್ಲಿ ಅದು ಬಿಟ್ಟುಹೋಗಿರುತ್ತದೆ.

ಫೀಡಿನಲ್ಲಿ ಕೊಂಡಿ ಹಾಕುವುದು ಹೇಗೆ?

ಆಟಮ್ ಎಂಬ ಬಗೆಯ ಫೀಡ್ ಆದರೆ ವಿಷಯದ ಟ್ಯಾಗಿನ ಟೈಪ್ ಎಕ್ಸ್‌ಎಚ್‌ಟಿಎಂಎಲ್ ಎಂದಿಟ್ಟು, ಒಳಗೆ ಎಕ್ಸ್‌ಎಚ್‌ಟಿಎಂಎಲ್ ನೇಮ್‌ಸ್ಪೇಸಿನ (ಮೊದಲ ಉದಾಹರಣೆಯ ಅದೇ ವಿಳಾಸ) ಒಂದೇ ಒಂದು ಡಿವ್ ಇಟ್ಟು, ಕೊಂಡಿಯನ್ನು ಅದರೊಳಗೆ ಬರೆಯಿರಿ. ಆರ್‌ಎಸ್‌ಎಸ್ 2.0ರಲ್ಲಿ ಮೇಲೆ ಹೇಳಿದಂತೆ ಸಿಡೇಟಾ. ಆರ್‌ಎಸ್‌ಎಸ್‌ನ ಸ್ವಂತ ಟ್ಯಾಗುಗಳಿಗೆ ನೇಮ್‌ಸ್ಪೇಸ್ ಇಲ್ಲ, ಆದರೆ ಎಲ್ಲರೂ ಎಲ್ಲಿಂದಲೋ ಆಟಮ್:ಲಿಂಕ್ ಸಾಲನ್ನು ನಕಲು ಮಾಡಿಕೊಂಡು ಘೋಷಣೆಯನ್ನು ಅಲ್ಲಿಯೇ ಬಿಟ್ಟು ಬರುತ್ತಾರೆ. ಘೋಷಿಸುವಾಗ ವಿಳಾಸದಲ್ಲಿ 2005 ಎಂಬ ಅಂಕಿಯ ನಂತರ ಬರುವ ಆಟಮ್ ಪದದ ಮೊದಲಕ್ಷರ ದೊಡ್ಡದು ಎಂಬುದನ್ನು ಮರೆಯಬೇಡಿ.

ಮೆಟ್ರೊ ನಕ್ಷೆಯ ಎಸ್‌ವಿಜಿಯಲ್ಲಿ ಪ್ರತಿ ನಿಲ್ದಾಣಕ್ಕೂ ಕೊಂಡಿ ಹಾಕಿದ್ದೇನೆ. ಎಕ್ಸ್‌ಲಿಂಕ್ ಗೊತ್ತಿಲ್ಲ ಎನ್ನುತ್ತಿದೆ.

ಎಸ್‌ವಿಜಿ ಎಂದರೆ ಚಿತ್ರ ಬರೆಯುವ ಎಕ್ಸ್‌ಎಂಎಲ್ ಬಗೆ, ಅದಕ್ಕೆ ತನ್ನದೇ ಎ ಇದೆ. ಅದು ಎಚ್‌ಟಿಎಂಎಲ್‌ನ ಎ ಅಲ್ಲ, ನಾಲ್ಕನೇ ಬ್ಲಾಕಿನ ಕತೆಯೇ ಮತ್ತೆ. ಹಳೆಯ ರೀತಿಯಲ್ಲಿ ಅದರ ವಿಳಾಸವನ್ನು ಎಕ್ಸ್‌ಲಿಂಕ್:ಎಚ್‌ಆರ್‌ಇಎಫ್ ಎಂದು ಬರೆಯುತ್ತಿದ್ದರು, ಅದಕ್ಕೆ ಡಬ್ಲ್ಯೂ3ರ 1999/ಎಕ್ಸ್‌ಲಿಂಕ್ ವಿಳಾಸದ ಘೋಷಣೆ ಬೇಕು. ನಕ್ಷೆಯನ್ನು ಎಚ್‌ಟಿಎಂಎಲ್ ಪುಟದೊಳಗೆ ಅಂಟಿಸಿದ್ದಾಗ ಘೋಷಣೆ ಇಲ್ಲದೆಯೂ ನಡೆಯುತ್ತಿತ್ತು. ಬೇರೆ ಕಡತವಾಗಿ ಉಳಿಸಿದ ಕ್ಷಣ ಮೆಜೆಸ್ಟಿಕ್‌ನಿಂದ ಹಿಡಿದು ಎಲ್ಲ ನಿಲ್ದಾಣಗಳೂ ಮುಚ್ಚಿದವು. ಈಗಿನ ಬ್ರೌಸರುಗಳಿಗಷ್ಟೇ ಬರೆಯುವುದಾದರೆ ಪ್ರಿಫಿಕ್ಸ್ ಕಿತ್ತುಹಾಕಿ ಬರಿಯ ಎಚ್‌ಆರ್‌ಇಎಫ್ ಇಡಿ, ಎಸ್‌ವಿಜಿ 2 ಅದನ್ನು ಒಪ್ಪುತ್ತದೆ.

ಆಂಡ್ರಾಯ್ಡ್ ಆ್ಯಪಿನ ಪಠ್ಯಗಳಿರುವ ಸ್ಟ್ರಿಂಗ್ಸ್ ಕಡತದಲ್ಲಿ ಕೊಂಡಿ ಹಾಕುವುದು ಹೇಗೆ?

ಅಲ್ಲಿ ಎ ಟ್ಯಾಗಿಗೆ ನೇಮ್‌ಸ್ಪೇಸ್ ಬೇಡ, ನೇರವಾಗಿ ಬರೆಯಿರಿ. ಓದುವಾಗ ಗೆಟ್‌ಸ್ಟ್ರಿಂಗ್ ಬಳಸಿದರೆ ಟ್ಯಾಗು ಉದುರಿಹೋಗುತ್ತದೆ, ಗೆಟ್‌ಟೆಕ್ಸ್ಟ್ ಬಳಸಿ. "ಅನ್‌ಬೌಂಡ್ ಪ್ರಿಫಿಕ್ಸ್" ಬಂದರೆ ಟೂಲ್ಸ್ ಅಥವಾ ಎಕ್ಸ್‌ಲಿಫ್ ಪ್ರಿಫಿಕ್ಸಿನ ಘೋಷಣೆ ರಿಸೋರ್ಸಸ್ ಟ್ಯಾಗಿನ ಮೇಲೆ ಇಲ್ಲವೆಂದು ಅರ್ಥ.

ಸ್ಕೀಮಾ ಕೊಂಡಿಯನ್ನು ಒಪ್ಪುತ್ತಿಲ್ಲ.

ಘೋಷಣೆ ಎಷ್ಟೇ ಸರಿಯಿದ್ದರೂ ಸ್ಕೀಮಾ (ಯಾವ ಟ್ಯಾಗಿನೊಳಗೆ ಏನಿರಬಹುದೆಂಬ ನಿಯಮಗಳ ಕಡತ) ಬರೆದವರು ಪರಿಚಯ ಟ್ಯಾಗಿನೊಳಗೆ ಬರಿಯ ಪಠ್ಯ ಎಂದು ಬರೆದಿದ್ದರೆ ಕೊಂಡಿ ಒಳಗೆ ಬರಲಾರದು. ಆ ಟ್ಯಾಗನ್ನು ಮಿಕ್ಸ್ಡ್ ಎಂದು ಬದಲಿಸಿ, ಎಕ್ಸ್‌ಎಚ್‌ಟಿಎಂಎಲ್ ನೇಮ್‌ಸ್ಪೇಸಿಗೆ ಒಂದು ಎನಿ ಸೇರಿಸಿ, ಅದರ ಪ್ರೊಸೆಸ್‌ಕಂಟೆಂಟ್ಸ್ ಲ್ಯಾಕ್ಸ್ ಎಂದಿಡಿ. ಸ್ಕೀಮಾ ನಿಮ್ಮ ಕೈಯಲ್ಲಿಲ್ಲದಿದ್ದರೆ ಅದರ ಒಡೆಯರೊಂದಿಗೆ ಮಾತಾಡುವುದೊಂದೇ ದಾರಿ.

ಪ್ರಿಫಿಕ್ಸನ್ನು ಕನ್ನಡದಲ್ಲೇ ಇಟ್ಟೆ. ಘೋಷಣೆಯೂ ಕನ್ನಡದಲ್ಲೇ ಇದೆ, ಎರಡೂ ಒಂದೇ ಎಂದು ಕಣ್ಣಿಗೆ ಕಾಣುತ್ತಿದೆ. ಆದರೂ ಕಟ್ಟಿಲ್ಲ ಎನ್ನುತ್ತದೆ!

ನನಗೆ ಬಹಳ ಇಷ್ಟವಾದ ಪ್ರಶ್ನೆ. ಕನ್ನಡ ಪ್ರಿಫಿಕ್ಸ್ ಎಕ್ಸ್‌ಎಂಎಲ್‌ಗೆ ಸಮ್ಮತ. ನಮ್ಮ ಪುಸ್ತಕಪಟ್ಟಿಯ ಟ್ಯಾಗುಗಳೆಲ್ಲ ಕನ್ನಡದಲ್ಲೇ ಇವೆ. ತೊಂದರೆ ಕೊಡುವುದು ಕಾಣದ ಅಕ್ಷರ. ಲಿಂಕ್ ಎಂಬಂಥ ಅರ್ಧಾಕ್ಷರದಿಂದ ಮುಗಿಯುವ ಪದದ ಕೊನೆಯಲ್ಲಿ, ಮುಂದಿನ ಅಕ್ಷರ ಒತ್ತಾಗದಿರಲೆಂದು, ಶೂನ್ಯ ಅಗಲದ ಬೇರ್ಪಡಿಕೆ ಗುರುತು ಸೇರಿಕೊಂಡಿರಬಹುದು. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ. ಘೋಷಣೆಯಲ್ಲಿ ಒಂದು ಕೀಲಿಮಣೆಯಿಂದ, ಟ್ಯಾಗಿನಲ್ಲಿ ಇನ್ನೊಂದರಿಂದ ಟೈಪ್ ಮಾಡಿದ್ದರೆ ಒಂದರಲ್ಲಿ ಆ ಗುರುತಿದೆ, ಇನ್ನೊಂದರಲ್ಲಿಲ್ಲ. ಪಾರ್ಸರಿಗೆ ಅವು ಎರಡು ಬೇರೆ ಹೆಸರುಗಳು. ಇದರ ಮೇಲೆ ಇನ್ನೊಂದು ತೊಡಕಿದೆ: ಹೆಸರಿನೊಳಗೆ ಆ ಗುರುತಿಗೆ ಅನುಮತಿ ಸಿಕ್ಕಿದ್ದು ಎಕ್ಸ್‌ಎಂಎಲ್ 1.0ರ ಐದನೇ ಆವೃತ್ತಿಯಲ್ಲಿ, 2008ರಲ್ಲಿ. ಹಳೆಯ ಆವೃತ್ತಿಯ ನಿಯಮಕ್ಕೇ ಅಂಟಿಕೊಂಡ ಪಾರ್ಸರುಗಳು ಎರಡೂ ಕಡೆ ಗುರುತಿದ್ದರೂ ತಿರಸ್ಕರಿಸುತ್ತವೆ.

ಪತ್ತೆ ಹಚ್ಚಲು ಕರ್ಸರನ್ನು ಪದದ ಕೊನೆಯಲ್ಲಿಟ್ಟು ಬಾಣದ ಕೀಲಿಯನ್ನು ಒಂದೊಂದೇ ಸಲ ಒತ್ತಿ. ಒತ್ತಿದರೂ ಕರ್ಸರ್ ನಿಂತಲ್ಲೇ ನಿಂತರೆ ಅಲ್ಲೊಬ್ಬ ಅಡಗಿದ್ದಾನೆ. ಕೆಲವು ಎಡಿಟರುಗಳು ಆ ಗುರುತನ್ನು ಅಕ್ಷರದ ಜೊತೆಗೇ ಹಾರಿಬಿಡುತ್ತವೆ, ಆಗ ಹೆಕ್ಸ್ ನೋಟದಲ್ಲಿ ಇ2 80 8ಸಿ ಹುಡುಕಿ. ನಾನಂತೂ ಈಗ ಕನ್ನಡ ಪ್ರಿಫಿಕ್ಸ್‌ಗೆ ಸ್ವರದಿಂದ ಮುಗಿಯುವ ಪದವನ್ನೇ ಆರಿಸುತ್ತೇನೆ. ನಮ್ಮ ಕಡತದಲ್ಲಿ ಅದು "ಕೊಂಡಿ".